ಮೂರು ಬೆರಳು

ಹನ್ನೊಂದಕ್ಕೆ ಬಾ ಅಂದಿದ್ದರು. ಹನ್ನೊಂದಕ್ಕೇ ಹೋದೆ.
ಅಡುಗೆಮನೆಯ ಗೋಡೆಯ ಮೇಲೆ ಹತ್ತು.
"ನಿಮ್ಮದು ಓಡುವ ಹೊತ್ತು," ಅಂದಳು ಓರ್ಫಾ
ಒದ್ದೆ ಕೈ ಒರೆಸಿಕೊಳ್ಳುತ್ತ, "ನಮ್ಮದು ನಿಧಾನದ್ದು.
ಬೇಸಿಗೆ ಬಂತೆಂದು ಸರಕಾರ ಮುಳ್ಳು ತಿರುಗಿಸಿದರೆ
ಹಸುವಿನ ಕೆಚ್ಚಲಿಗೆ ಹೇಳುವವರು ಯಾರು?"

ಹೀಗೆ ಸಿಕ್ಕಿತು, ಒಹಾಯೊದ ಆ ದಿಬ್ಬದ ಮೇಲೆ,
ಯಾವ ಲೆಕ್ಕಕ್ಕೂ ಸೇರದ ಒಂದು ಗಂಟೆ.

ಅದನ್ನು ಒಂಬತ್ತು ವರ್ಷದ ಆಲ್ಟಾಳಿಗೆ ಒಪ್ಪಿಸಿದರು.
ಬರಿಗಾಲಲ್ಲಿ ಮುಂದೆ ಮುಂದೆ ನಡೆದಳು:
ಇದು ಹಾಲಿನ ತೊಟ್ಟಿ,
ಇದು ಬಕ್, ಲಾರಿ ಕಂಡರೆ ಹೆದರುತ್ತಾನೆ.
ಹೊಲದಂಚಿಗೆ ಕಕ್ಕಸಿನಷ್ಟು ಅಗಲದ ಮರದ ಗೂಡು,
ಒಳಗೆ ಫೋನು, ನಾಲ್ಕು ಮನೆಗೆ ಒಂದೇ,
ದಾರಕ್ಕೆ ಕಟ್ಟಿದ ಮೋಟು ಪೆನ್ಸಿಲ್ಲು,
ಯಾರು ಎಷ್ಟು ನಿಮಿಷ ಎಂಬ ಪಟ್ಟಿ.
"ಮನೆಯೊಳಗೆ ಯಾಕಿಲ್ಲ?"
"ಒಳಗಿದ್ದರೆ ಕರೆದಾಗೆಲ್ಲ ಏಳಬೇಕಲ್ಲ,"
ಅಂದಳು, ಕರೆದಾಗೆಲ್ಲ ಏಳುವ ನನಗೆ.

ಆಮೇಲೆ ಬಟ್ಟೆಯ ಗೊಂಬೆ.
ಕಣ್ಣಿಲ್ಲ, ಮೂಗಿಲ್ಲ, ಬಾಯಿಯಂತೂ ಇಲ್ಲ.
"ಇವತ್ತು ಇದಕ್ಕೆ ಹಲ್ಲುನೋವು."

ಅವರಲ್ಲಿ ಹೊರಗಿನವರೆಲ್ಲ ಇಂಗ್ಲಿಷರು.
"ಇಂಗ್ಲಿಷಿನವಳು ಬಂದಿದ್ದಾಳೆ," ಅಜ್ಜನಿಗೆ ಕೂಗಿ ಹೇಳಿದಳು.
ಅಜ್ಜ ನನ್ನ ಮೂಗುತಿ ನೋಡಿ, ಕಪ್ಪು ಕೈ ನೋಡಿ
ಹೌದೆಂದು ತಲೆಯಾಡಿಸಿದ.
ಕನ್ನಡದಲ್ಲಿ ಕನಸು ಬೀಳುವ ನಾನು
ಜನ್ಮದಲ್ಲಿ ಮೊದಲ ಸಲ ಇಂಗ್ಲಿಷಳಾಗಿ
ಕುರ್ಚಿಯ ಅಂಚಿಗೆ ಕೂತೆ.

ಊಟಕ್ಕೆ ಉದ್ದನೆಯ ಮೇಜು, ಬಿಳಿಯ ಬಟ್ಟೆ,
ಬೀಟ್‌ರೂಟಿನ ಉಪ್ಪಿನಕಾಯಿ, ನೂಡಲ್ಸು, ಆಲೂಗಡ್ಡೆ.
ಮ್ಯಾಲನ್ ತಲೆ ಬಗ್ಗಿಸಿದ, ಎಲ್ಲರೂ ಬಗ್ಗಿಸಿದರು.
ಮಾತಿಲ್ಲದ ಪ್ರಾರ್ಥನೆಯ ಉದ್ದ ನನಗೇನು ಗೊತ್ತು?
ಕಣ್ಣು ತೆರೆದಾಗ
ಎಲ್ಲರೂ ನನಗಾಗಿ ಕಾಯುತ್ತಿದ್ದರು.

ನನ್ನ ಆಚೆಗೆ, ತುದಿಯಲ್ಲಿ, ಓರ್ಫಾಳ ತಂಗಿ ವೆರ್ನಾ.
ಹೂವಿನ ಅಂಗಿ, ಮೋಟುಗೂದಲು,
ಅಂಗಳದ ನೀಲಿ ಕಾರು ಅವಳದ್ದು.
ನಮ್ಮಿಬ್ಬರ ನಡುವೆ ಲೋಟ ಇಟ್ಟೆ. ವಾಲಿತು.
ಬಟ್ಟೆಯಿತ್ತು, ಕೆಳಗೆ ಮರವಿರಲಿಲ್ಲ.
ಬೆರಳೊತ್ತಿ ನೋಡಿದೆ.
ಮೇಜು ಒಂದಲ್ಲ, ಎರಡು.
ನಡುವೆ ಮೂರು ಬೆರಳಿನ ಸಂದು.

"ಮಂಡಿಯೂರಿ ಮಾತು ಕೊಟ್ಟಿದ್ದೆ, ಮುರಿದೆ,"
ವೆರ್ನಾ ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಅಂದಳು.
"ಮುರಿದವರ ಜೊತೆ ಒಂದೇ ಮೇಜಲ್ಲಿ ಉಣ್ಣುವಂತಿಲ್ಲ.
ಬಟ್ಟೆಯ ಬಗ್ಗೆ ಯಾರೂ ಏನೂ ಹೇಳಿಲ್ಲ."

ಆಲೂಗಡ್ಡೆಯ ಬೋಗುಣಿ
ತಂಗಿಯ ಕೈಯಿಂದ ಅಕ್ಕನ ಕೈಗೆ ಹೋಗಲಿಲ್ಲ.
ಇವಳು ಇಟ್ಟಳು. ಕೈ ಬಿಟ್ಟಳು.
ಅವಳು ಎತ್ತಿಕೊಂಡಳು.
ಹದಿನೇಳು ವರ್ಷದ ಅಭ್ಯಾಸ,
ಒಂದು ಹನಿ ತುಳುಕಲಿಲ್ಲ.

ಪಂಕ್ತಿ ಎಂಬ ಮಾತು ಬಲ್ಲವಳು ನಾನು:
ಬೇರೆ ಎಲೆ, ಬೇರೆ ಲೋಟ, ಮೇಲಿನಿಂದ ಸುರಿದ ನೀರು.
ಸಿಟ್ಟು ಗಂಟಲವರೆಗೆ ಬಂತು.
ಬಂದು, ಆ ಬಟ್ಟೆಯನ್ನು ನೋಡುತ್ತ ನಿಂತಿತು.
ಇದು ಅಂತಃಕರಣವೋ, ಬರೀ ಮುಚ್ಚುಮರೆಯೋ?
ಎರಡು ಮೇಜಿಗಾಗುವಷ್ಟು ಬಟ್ಟೆ ಬೇಕೆಂದು
ಅಂಗಡಿಯಲ್ಲಿ ಅಳತೆ ಹೇಳಿದ ದಿನ
ಓರ್ಫಾ ಏನೆಂದುಕೊಂಡಿದ್ದಳು?
ಕೇಳಲಿಲ್ಲ. ನೂಡಲ್ಸು ಇನ್ನಷ್ಟು ಹಾಕಿಸಿಕೊಂಡೆ.

ಆಲ್ಟಾ ಇನ್ನೂ ಯಾರಿಗೂ ಮಾತು ಕೊಟ್ಟವಳಲ್ಲ.
ಮೇಜಿನಡಿ ನುಸುಳಿ ಬಂದು
ಚಿಕ್ಕಮ್ಮನ ಕೈಯೊಳಗೇ ಗೊಂಬೆ ಇಟ್ಟಳು:
"ರಾತ್ರಿಯೆಲ್ಲ ಮಲಗಿಲ್ಲ ಇದು."
ವೆರ್ನಾ ಅದರ ಇಲ್ಲದ ಬಾಯಿಯನ್ನು
ಬೆಳಕಿಗೆ ಹಿಡಿದು ಪರೀಕ್ಷಿಸಿದಳು.
"ದವಡೆ ಹಲ್ಲು," ಅಂದಳು. "ಕೀಳಿಸಬೇಕು."
ಮೊದಲು ನಕ್ಕವಳು ಓರ್ಫಾ.
ಮ್ಯಾಲನ್ ಗಡ್ಡ ನೀವಿಕೊಂಡು ಕಿಟಕಿಯಾಚೆ
ಹುಲ್ಲು ಒಣಗಿತೇ ಎಂದು ನೋಡಿದ.

ಹೊರಟಾಗ ಕಾರಿನ ಗಡಿಯಾರ ಎರಡೂವರೆ ಅಂತು.
ಒಳಗೆ ಇನ್ನೂ ಒಂದೂವರೆ.
ಅಕ್ಕತಂಗಿ ಪಾತ್ರೆ ತೊಳೆಯುತ್ತಿದ್ದರು,
ಒಬ್ಬಳು ಇಡುವುದು, ಒಬ್ಬಳು ಎತ್ತುವುದು,
ತಟ್ಟೆ ತಟ್ಟೆಗೆ ತಾಗುವ ಸದ್ದು.